ಐವಿಎಫ್ ಫಾರ್ಮಿಗೆ ಸಹಿ ಹಾಕುವ ಮೊದಲು

ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ ಹದಿನಾಲ್ಕು ಪುಟ. "ಗುರುತು ಇದ್ದಲ್ಲೆಲ್ಲ ಇಬ್ಬರೂ ಸಹಿ ಹಾಕಿ" ಎಂದರು ಕೌಂಟರಿನವರು. ನನ್ನ ಚಿಕ್ಕಮ್ಮನ ಮಗಳು ಹಾಕಿದಳು, ಅವಳ ಗಂಡನೂ ಹಾಕಿದ. ಮೂರು ನಿಮಿಷವೂ ಆಗಿರಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿಯುವಾಗ "ಎಂತ ಬರೆದಿತ್ತು?" ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮಂಗಳೂರಿನಲ್ಲಿ ಇಂಥದ್ದನ್ನು ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ. ಸೊಸೈಟಿಯಲ್ಲಿ ಚಿನ್ನ ಅಡವಿಡುವಾಗ ಪತ್ರವನ್ನು ಎರಡು ಸಲ ಓದುವವರು ಇಲ್ಲಿ ಮಾತ್ರ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಐವಿಎಫ್ ಎಂದರೆ ಅಂಡಾಣುವನ್ನು ಹೊರಗೆ ತೆಗೆದು, ಲ್ಯಾಬಿನಲ್ಲಿ ವೀರ್ಯಾಣು ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು.

ಹಂತ 1: ಯಾವಾಗ ಹೋಗಬೇಕು

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಕೊನೆಯ ಮೂರ್ನಾಲ್ಕು ಮುಟ್ಟಿನ ದಿನಗಳನ್ನು ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ "ಅದು", "ಆ ಪ್ರಾಬ್ಲಮ್" ಎಂದು ಸುತ್ತಬೇಡಿ. ಮುಟ್ಟು ಎನ್ನಿ, ಬಿಳಿ ಹೋಗುತ್ತದೆ ಎನ್ನಿ, ಸೇರುವಾಗ ನೋವಾಗುತ್ತದೆ ಎನ್ನಿ. ನಾಚಿಕೆಯಿಂದ ನುಂಗಿದ ಮಾತು ಚೀಟಿಯಲ್ಲಿ ಬರುವುದಿಲ್ಲ.

ಹಂತ 2: ಗಂಡನ ಟೆಸ್ಟ್ ಮೊದಲು

ಇದು ನನ್ನ ಹಠ ಎಂದೇ ಇಟ್ಟುಕೊಳ್ಳಿ. ಸಂತಾನಕ್ಕೆಂದು ನಾಗನಿಗೆ ಆಶ್ಲೇಷಾ ಬಲಿ ಪೂಜೆ ಆಯಿತು, ನಾಗಬನದಲ್ಲಿ ತಂಬಿಲ ಸೇವೆ ಆಯಿತು, ಹೆಂಡತಿಗೆ ಸ್ಕ್ಯಾನಿಂಗ್ ಐದು ಸಲ ಆಯಿತು, ಗಂಡನ ವೀರ್ಯ ಪರೀಕ್ಷೆ ಮಾತ್ರ ಆಗಿಲ್ಲ. ಇಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಬಲಿ ಮಾಡಿಸಿ, ಬೇಡ ಎನ್ನುವುದಿಲ್ಲ. ಜೊತೆಗೆ ಈ ಟೆಸ್ಟೂ ಆಗಲಿ. ಎಲ್ಲಕ್ಕಿಂತ ಸುಲಭದ್ದು ಇದೇ, ಸೂಜಿಯೂ ಇಲ್ಲ.

ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಗೆ ಹೋಗಿರಬಾರದು. ಸ್ಯಾಂಪಲನ್ನು ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತರುವುದಾದರೆ ಅವರೇ ಕೊಟ್ಟ ಡಬ್ಬಿಯಲ್ಲಿ, ಮೈಗೆ ತಾಗಿಸಿ ಇಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಬೇಕು. ನಮ್ಮ ಸಂಬಂಧಿಕರೊಬ್ಬರು ಉಪ್ಪಿನಕಾಯಿ ಬಾಟಲಿ ತೊಳೆದು ಅದರಲ್ಲಿ ತಂದಿದ್ದರು, ಅದೂ ಪಡುಬಿದ್ರಿಯಿಂದ ಬಸ್ಸಿನಲ್ಲಿ! ಸಾಮಾನ್ಯ ಕಾಂಡೋಮಿನಲ್ಲಿ ತಂದರೂ ಕೆಲಸ ಕೆಟ್ಟಿತು, ಅದರಲ್ಲಿ ವೀರ್ಯಾಣು ಉಳಿಯುವುದಿಲ್ಲ. ಗಂಡ ಗಲ್ಫಿನಲ್ಲಿದ್ದರೆ ರಜೆಯ ಮೊದಲ ವಾರವೇ ಇದನ್ನು ಮುಗಿಸಿ. ಕೊನೆಯ ವಾರ ಹೇಗೂ ಊಟಕ್ಕೆ ಕರೆಯುವವರದ್ದೇ ಆಗುತ್ತದೆ.

ಮೊಬೈಲಿನಲ್ಲಿ ಜಾಹೀರಾತು ಬರುವ "ಸಂತಾನ ಪುಡಿ"ಗಳಿಗೆ ಹಣ ಹಾಕಬೇಡಿ. ಒಳಗೆ ಏನಿದೆ ಎಂದು ಡಬ್ಬಿಯ ಮೇಲೂ ಸರಿಯಾಗಿ ಬರೆದಿರುವುದಿಲ್ಲ.

ಹಂತ 3: ಕ್ಲಿನಿಕ್

ಐವಿಎಫ್‌ನಂಥ ಚಿಕಿತ್ಸೆಗೆಂದೇ ಮಾಡಿದ 2021ರ ಎಆರ್‌ಟಿ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಕ್ಲಿನಿಕ್ ನೋಂದಣಿ ಆಗಿರಬೇಕು. ಲೆವೆಲ್ 1 ಎಂದಿದ್ದರೆ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಮಾತ್ರ, ಐವಿಎಫ್‌ಗೆ ಲೆವೆಲ್ 2 ಬೇಕು. ಸರ್ಟಿಫಿಕೇಟ್ ತೋರಿಸಿ ಎಂದು ಕೇಳಿ. ಮುಖ ಗಂಟು ಹಾಕಿದರೆ ಎದ್ದು ಬನ್ನಿ. ವಯಸ್ಸು ಹೆಂಗಸಿಗೆ 21ರಿಂದ 50ರೊಳಗೆ, ಗಂಡಸಿಗೆ 21ರಿಂದ 55ರೊಳಗೆ. ಹೆಂಗಸರಲ್ಲಿ ಮದುವೆಯಾಗದವರು, ಗಂಡ ತೀರಿಹೋದವರು, ವಿಚ್ಛೇದನ ಆದವರು ಕೂಡ ಒಬ್ಬರೇ ಹೋಗಬಹುದು. ಇದು ನಮ್ಮಲ್ಲಿ ತುಂಬ ಜನರಿಗೆ ಗೊತ್ತೇ ಇಲ್ಲ.

ಹಂತ 4: ಸಹಿ

ಇಲ್ಲಿ ನಿಧಾನ ಮಾಡಿ.

ಫಾರ್ಮನ್ನು ಅಂಡಾಣು ಬೆಳೆಸುವ ಇಂಜೆಕ್ಷನ್ ಶುರುವಾಗುವ ದಿನ ಕೌಂಟರಿನಲ್ಲಿ ನಿಂತು ಓದಲು ಆಗುವುದಿಲ್ಲ. ಮೊದಲ ಭೇಟಿಯಲ್ಲೇ ಒಂದು ಪ್ರತಿ ಕೇಳಿ ಮನೆಗೆ ತನ್ನಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಿ ಎನ್ನಿ. ಖರ್ಚು, ಅಡ್ಡಪರಿಣಾಮ, ಅವಳಿ ಆಗುವ ಅಪಾಯ, ಯಶಸ್ಸಿನ ಸಾಧ್ಯತೆ, ಇಷ್ಟನ್ನೂ ತಿಳಿಸಿ ಹೇಳಬೇಕೆಂದು ಕಾನೂನೇ ಹೇಳುತ್ತದೆ. ಕೇಳಿದರೆ ನೀವು ಜೋರಿನವರು ಎಂದಾಗುವುದಿಲ್ಲ. ಯಶಸ್ಸು ಎಂದರೆ ಏನೆಂದೂ ಕೇಳಿ: ಟೆಸ್ಟ್ ಪಾಸಿಟಿವ್ ಆದದ್ದಾ, ಮಗು ಕೈಗೆ ಬಂದದ್ದಾ? ಅದೂ ನಿಮ್ಮ ವಯಸ್ಸಿನವರಲ್ಲಿ ಎಷ್ಟು? ಖರ್ಚಿನಲ್ಲಿ ಇಂಜೆಕ್ಷನ್ ಸೇರಿದೆಯಾ, ಭ್ರೂಣ ಫ್ರೀಜ್ ಮಾಡಿ ಇಡುವುದಕ್ಕೆ ವರ್ಷ ವರ್ಷ ಬೇರೆ ಕಟ್ಟಬೇಕಾ? ಬರೆದುಕೊಡಲಿ.

ಫ್ರೀಜ್ ಮಾಡುವ ಪುಟವೇ ಎಲ್ಲರೂ ಎಡವುವ ಜಾಗ. ಉಳಿದ ಭ್ರೂಣ ಇಡುವ ಮೊದಲು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅಥವಾ ಪ್ರಜ್ಞೆ ಇಲ್ಲದಂತಾದರೆ ಅದನ್ನು ಏನು ಮಾಡಬೇಕು ಎಂದು ಇಬ್ಬರೂ ಬರೆದುಕೊಡಬೇಕು. ನನ್ನ ಚಿಕ್ಕಮ್ಮನ ಮಗಳು ಎರಡನೇ ಸಲ ಫಾರ್ಮನ್ನು ಮನೆಗೆ ತಂದಳು. ಊಟದ ಮೇಜಿನ ಮೇಲೆ ಆ ಪುಟ ಎರಡು ದಿನ ಹಾಗೇ ಇತ್ತು, ಮೇಲೆ ಒಂದು ಲೋಟ ಇಟ್ಟು. "ನಾನು ಸತ್ತರೆ ಅಂತ ಈಗ್ಲೇ ಬರೀಬೇಕಾ?" ಎಂದು ಗಂಡ ಸಿಟ್ಟು ಮಾಡಿಕೊಂಡ. ಅತ್ತೆ ಅಡುಗೆ ಕೋಣೆಯಿಂದಲೇ "ಅಪಶಕುನ" ಎಂದರು. ಮೂರನೇ ದಿನ ರಾತ್ರಿ ಇಬ್ಬರೂ ಕೂತು ಮಾತಾಡಿದರು. ಅವಳಿಗೆ ಬೇಕಿದ್ದದ್ದು ಒಂದು, ಅವನು ಅಂದುಕೊಂಡದ್ದು ಇನ್ನೊಂದು. ಮೊದಲ ಸಲದ ಫಾರ್ಮಿನಲ್ಲಿ ಯಾವುದಕ್ಕೆ ಟಿಕ್ ಹಾಕಿದ್ದೆವು ಎಂದು ಇಬ್ಬರಿಗೂ ನೆನಪಿಲ್ಲ.

ಹತ್ತು ವರ್ಷಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವವರೆಗೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, "ಇಷ್ಟು ಖರ್ಚಾಯ್ತಲ್ಲ" ಎಂದು ಯಾರೂ ಒತ್ತಾಯ ಮಾಡುವ ಹಾಗಿಲ್ಲ. ದಾನಿಯ ಅಂಡಾಣು ಬೇಕಾದರೆ ನೋಂದಾಯಿತ ಬ್ಯಾಂಕಿನಿಂದಲೇ. ದಾನಿಗೆ 23ರಿಂದ 35 ವಯಸ್ಸು, ಜೀವನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಅವಳಿಗೆ 12 ತಿಂಗಳ ವಿಮೆ ನೀವೇ ಮಾಡಿಸಬೇಕು. "ಹುಡುಗಿ ಉಂಟು, ಇಷ್ಟು ಕೊಟ್ಟರೆ ಸಾಕು" ಎನ್ನುವ ಬ್ರೋಕರ್ ಬಂದರೆ ಬಾಗಿಲು ಹಾಕಿ. ಗಂಡೋ ಹೆಣ್ಣೋ ಆರಿಸಿ ಕೊಡುತ್ತೇವೆ ಎನ್ನುವವರಿಗೂ ಅದೇ. ಎರಡೂ ಅಪರಾಧ.

ಹಂತ 5: ಇಂಜೆಕ್ಷನ್

ಸುಮಾರು ಎರಡು ವಾರದೊಳಗಿನ ಕೆಲಸ, ನರ್ಸ್ ಹೇಳಿದಂತೆ ಮಾಡಿ. ಕೊನೆಯ "ಟ್ರಿಗರ್" ಇಂಜೆಕ್ಷನ್‌ಗೆ ಮಾತ್ರ ಎರಡು ಫೋನಿನಲ್ಲಿ ಅಲಾರಂ ಇಡಿ. ಅದಾಗಿ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತಾರೆ, ಹೊತ್ತು ತಪ್ಪಿದರೆ ಎಲ್ಲ ತಪ್ಪಿತು. ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ, ಹೊರಡಿ.

ಹಂತ 6: ಕಾಯುವ ಎರಡು ವಾರ

ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ಮೇಲೆ ಗರ್ಭ ನಿಂತಿತಾ ಎಂದು ಕಾಯುವ ಹೊತ್ತು ಇದು. ಏನು ಮಾಡಿದರು ಎಂದು ಬರೆದ ಡಿಸ್ಚಾರ್ಜ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಅದನ್ನು ಕೊಡುವುದು ಅವರ ಕರ್ತವ್ಯ. ದೂರು ಇದ್ದರೆ ಪ್ರತಿ ಕ್ಲಿನಿಕ್‌ನಲ್ಲೂ ಅದಕ್ಕೊಂದು ವಿಭಾಗ ಇರಲೇಬೇಕು, ಅಲ್ಲಿ ಬರವಣಿಗೆಯಲ್ಲೇ ಕೊಡಿ. ಮನೆಯಲ್ಲಿ ಬೇಗ ಬೇಗ ಸ್ಟ್ರಿಪ್ ಟೆಸ್ಟ್ ಮಾಡಬೇಡಿ. ಟ್ರಿಗರ್ ಮದ್ದಿನಿಂದಲೇ ಎರಡು ಗೆರೆ ಬರಬಹುದು, ಸುಮ್ನೆ ಸ್ವೀಟ್ ಹಂಚಿ ಆಮೇಲೆ ಅಳುವುದು ಯಾಕೆ?

ಈ ಎರಡು ವಾರದಲ್ಲೇ ಎಲ್ಲಾದರೂ ಮದುವೆಯ ಕರೆ ಬರುತ್ತದೆ. ಹಾಲ್‌ನಲ್ಲಿ ಐಸ್‌ಕ್ರೀಂ ಹಿಡಿದ ಯಾರೋ ಅತ್ತೆ "ವಿಶೇಷ ಎಂತದೂ ಇಲ್ವಾ ಮಗಾ?" ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವ ಮನಸ್ಸಿಲ್ಲದಿದ್ದರೆ ಹೋಗಲೇಬೇಡಿ. ಕವರನ್ನು ಯಾರ ಕೈಯಲ್ಲಾದರೂ ಕಳಿಸಿ.