ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ, ಹೊತ್ತು ನಾನು ಲೆಕ್ಕ ಹಾಕುವ ರೀತಿ

ನಮ್ಮ ನೆಂಟರಲ್ಲಿ ಯಾರೇ ಬೇ ಏರಿಯಾದಲ್ಲಿರುವ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಊರುಗಳು) ಮಕ್ಕಳ ಮನೆಗೆ ಹೊರಟರೂ ಟಿಕೆಟ್ ನೋಡುವ ಕೆಲಸ ನನ್ನ ತಲೆಗೇ. ಎಲ್ಲರದೂ ಅದೇ ಪ್ರಶ್ನೆ: “ಎಷ್ಟು ದೂರ, ಎಷ್ಟು ಹೊತ್ತು?”

ದೂರ ಸುಲಭ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಎಕ್ಸೆಲ್‌ನಲ್ಲಿ ತುಂಬಿ ಹ್ಯಾವರ್‌ಸೈನ್ ಸೂತ್ರ (ಗೋಳದ ಮೇಲೆ ಎರಡು ಜಾಗಗಳ ನಡುವಿನ ಅತಿ ಕಡಿಮೆ ದೂರದ ಲೆಕ್ಕ) ಕೊಟ್ಟರೆ ಸುಮಾರು 14,000 ಕಿ.ಮೀ. ಬರುತ್ತದೆ. ನಂಬದವರಿಗೆ ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ತೋರಿಸುತ್ತೇನೆ. ಅದು ನೇಪಾಳ, ಟಿಬೆಟ್ ಹಾದು, ಸೈಬೀರಿಯಾದ ಉತ್ತರ ಕರಾವಳಿ ಹತ್ತಿರ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಹತ್ತಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. “ಅಮೆರಿಕಕ್ಕೆ ಹೋಗೋಕೆ ಸೈಬೀರಿಯಾ ಯಾಕೋ?” ಎಂದು ಮಾವ ಕೇಳಿದ್ದರು.

ವಿಮಾನವೇನೂ ಆ ದಾರದ ಮೇಲೇ ಹೋಗುವುದಿಲ್ಲ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ 10,000 ಅಡಿಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಜೊತೆಗೆ ಪೆಸಿಫಿಕ್ ಮೇಲಿನ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪೂರ್ವಕ್ಕೆ ಬೀಸುವ ಜೋರು ಗಾಳಿ) ಬೆನ್ನಿಗೆ ಸಿಕ್ಕರೆ ಸುತ್ತುದಾರಿಯೇ ಬೇಗ ಮುಟ್ಟಿಸುತ್ತದೆ. ಹಾಗಾಗಿ ಗಂಟೆಗೆ 850 ಕಿ.ಮೀ. ವೇಗವೆಂದು ಹಿಡಿದು ದೂರವನ್ನು ಅದರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುತ್ತೇನೆ. ಈ ಮಾರ್ಗಕ್ಕೆ ಹದಿನೇಳು ಗಂಟೆ ಬರುತ್ತದೆ.

ಜನ ಗೊಂದಲಕ್ಕೆ ಬೀಳುವುದು ಗಡಿಯಾರದಲ್ಲಿ. ಏರ್ ಇಂಡಿಯಾ ಈ ಮಾರ್ಗದಲ್ಲಿ ನೇರ ಹಾರಾಟ ಶುರು ಮಾಡಿದ್ದು 2021ರ ಜನವರಿಯಲ್ಲಿ; ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ತಂದ ವಿಮಾನ ಅದು. ವೇಳಾಪಟ್ಟಿ ಪ್ರಕಾರ ಸ್ಯಾನ್ ಫ್ರಾನ್ಸಿಸ್ಕೊದಿಂದ 9ರ ರಾತ್ರಿ 8.30ಕ್ಕೆ ಹೊರಟು ಬೆಂಗಳೂರಿಗೆ 11ರ ಬೆಳಗಿನ ಜಾವ 3.45ಕ್ಕೆ ಬರಬೇಕು. ಬರೀ ಗಡಿಯಾರ ನೋಡಿದರೆ 31 ಗಂಟೆ 15 ನಿಮಿಷ. ಚಳಿಗಾಲದ ವ್ಯತ್ಯಾಸ 13 ಗಂಟೆ 30 ನಿಮಿಷ ಕಳೆದರೆ 17 ಗಂಟೆ 45 ನಿಮಿಷ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ 12 ಗಂಟೆ 30 ನಿಮಿಷ ಕಳೆಯಬೇಕು. ಹೋಗುವಾಗ ಇದೇ ಲೆಕ್ಕ ತಮಾಷೆ: ಹದಿನೇಳು ಗಂಟೆಯ ನೇರ ಹಾರಾಟವಾದರೆ ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟವರು ಅದೇ ತಾರೀಖಿನ ಸಂಜೆ ಐದೂವರೆಗೆ ಇಳಿಯುತ್ತಾರೆ.

ನಡುವೆ ವಿಮಾನ ಬದಲಿಸುವುದಾದರೆ? ದುಬೈ ಮೂಲಕ 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550. ಇವೆರಡರ ನಡುವಿನ ಅಂತರ ಹಾರಾಟದಲ್ಲಿ ಒಂದು ಗಂಟೆಯಷ್ಟೇ. ಪ್ರಯಾಣ 22 ಗಂಟೆಯೋ 30 ಗಂಟೆಯೋ ಎಂದು ತೀರ್ಮಾನಿಸುವುದು ಕಾಯುವ ಹೊತ್ತು. ಆದ್ದರಿಂದ ಟಿಕೆಟ್ ನೋಡುವಾಗ ನಾನು ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ. ವ್ಹೀಲ್‌ಚೇರ್ ಬೇಕಾದ ಹಿರಿಯರಿಗೆ ಮೂರು ಗಂಟೆಗಿಂತ ಕಡಿಮೆ ಇದ್ದರೆ ಬೇಡವೆನ್ನುತ್ತೇನೆ. ಅಮೆರಿಕದ ಒಳಗೇ ವಿಮಾನ ಬದಲಿಸುವ ಟಿಕೆಟ್ ಅಗ್ಗ ಸಿಕ್ಕರೂ ಅತ್ತೆ-ಮಾವಂದಿರಿಗೆ ಮಾಡಿಸುವುದಿಲ್ಲ: ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಸೂಟ್‌ಕೇಸ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ ಮತ್ತೆ ಲಗೇಜ್ ಒಪ್ಪಿಸಬೇಕು.