ಟ್ರಾನ್ಸ್‌ಮಿಟರ್ ಕ್ಯಾಲಿಬ್ರೇಶನ್: ಸ್ಕ್ರೂ ತಿರುವೋಕಿಂತ ಮೊದಲ ತಪ್ಪು ಯಾ ಕಡಿ ಅದ ನೋಡ್ರಿ

ಟ್ರಾನ್ಸ್‌ಮಿಟರ್ ಅಂದ್ರ ಸೆನ್ಸರ್ ಅಳದದ್ದನ್ನ ಕರೆಂಟ್ ಮಾಡಿ ಕಂಟ್ರೋಲ್ ರೂಮಿಗೆ ಕಳಸೋ ಡಬ್ಬಿ, ಕ್ಯಾಲಿಬ್ರೇಶನ್ ಅಂದ್ರ ಗೊತ್ತಿರೋ ಅಳತಿ ಕೊಟ್ಟು ಅದು ಖರೇ ಹೇಳ್ತದೇನು ನೋಡಿ ಸರಿ ಮಾಡೋದು. ನಮ್ಮ ಕಲಬುರಗಿ ಜಿಲ್ಲಾದ ಸೇಡಂ, ವಾಡಿ ಕಡಿ ಸಿಮೆಂಟ್ ಫ್ಯಾಕ್ಟರಿ ಇರ್ಲಿ, ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗಿನ ಸಣ್ಣ ಮಿಲ್ ಇರ್ಲಿ, ನಾ ನೋಡಿದ ತಪ್ಪು ಒಂದೇ. ಕಂಟ್ರೋಲ್ ರೂಮಿನಾಗ ಟೆಂಪರೇಚರ್ 3 ಡಿಗ್ರಿ ಜಾಸ್ತಿ ತೋರಸ್ಲಾಕತ್ತದ ಅಂತ ಫೋನ್ ಬಂತಂದ್ರ ಹುಡುಗ ಜೇಬಿನಾಗಿಂದ ಟೆಸ್ಟರ್ ತಗದು ಸೀದಾ ಜೀರೋ ಸ್ಕ್ರೂ ತಿರುವ್ತಾನ, ರೀಡಿಂಗ್ ಸರಿ ಬಂತು, ಕೆಲಸ ಮುಗೀತು ಅಂತ ಚಾ ಕುಡೀಲಾಕ ಹೋಗ್ತಾನ. ಕೆಲಸ ಮುಗಿದಿಲ್ಲ, ಒಂದು ತಪ್ಪಿನ ಮ್ಯಾಲ ಇನ್ನೊಂದು ತಪ್ಪು ಹೊದಿಸ್ಯಾನ ಅಷ್ಟೇ.

ಉದಾಹರಣೆಗೆ ಪಿಟಿ-100 ಸೆನ್ಸರ್ (ಬಿಸಿ ಏರಿದಂಗ ಇದರ ರೆಸಿಸ್ಟೆನ್ಸ್, ಅಂದ್ರ ಓಮ್, ಏರ್ತದ), ರೇಂಜ್ 0 ರಿಂದ 200 ಡಿಗ್ರಿ, ಔಟ್‌ಪುಟ್ 4 ರಿಂದ 20 ಮಿಲಿಆಂಪ್, ಟ್ರಾನ್ಸ್‌ಮಿಟರ್ ಪ್ಯಾನಲ್ ಒಳಗ ರೇಲ್ ಮ್ಯಾಲ ಕುಂತದ, ಸೆನ್ಸರ್ ದೂರ ಅದ ಅಂತ ತಿಳ್ಕೋರಿ.

ಮೊದಲ ಕಂಟ್ರೋಲ್ ರೂಮಿಗೆ ಹೇಳಿ ಲೂಪ್ (ಈ ರೀಡಿಂಗ್ ನೋಡಿ ತಾನೇ ನಡಿಯೋ ಕಂಟ್ರೋಲ್) ಮ್ಯಾನುವಲ್‌ಗೆ ಹಾಕಸ್ರಿ, ಈ ರೀಡಿಂಗ್ ಮ್ಯಾಲ ಮಷೀನ್ ತಾನೇ ಬಂದ್ ಆಗೋ ಟ್ರಿಪ್ ಇದ್ರ ಪರ್ಮಿಟ್ ತಗೊಂಡು ಬೈಪಾಸ್ ಮಾಡಸ್ರಿ. ಟ್ರಾನ್ಸ್‌ಮಿಟರ್‌ಗೆ ಪವರ್ ಕೊಟ್ಟು 15-20 ನಿಮಿಷ ಸುಮ್ಮ ಬಿಡ್ರಿ. ಏನೂ ಮುಟ್ಟೋಕಿಂತ ಮೊದಲ ಈಗ ಎಷ್ಟು ತೋರಸ್ತದ ಬರಕೋರಿ, ಇದೊಂದು ಬರ್ಯೋದು ಯಾರೂ ಮಾಡಂಗಿಲ್ಲ, ಆಮ್ಯಾಲ ಮೊದಲು ಎಷ್ಟಿತ್ತು ಅಂತ ಮೇಲಿನವರು ಕೇಳಿದ್ರ ಎಲ್ಲಾರೂ ಮಾರಿ ಮಾರಿ ನೋಡ್ತಾರ.

ಇನ್ನ ಖರೇ ಕೆಲಸ. ಸೆನ್ಸರ್ ವೈರ್ ಬಿಚ್ಚಿ ಆ ಜಾಗಾದಾಗ ಕ್ಯಾಲಿಬ್ರೇಟರ್ ಇಲ್ಲಾ ಡಿಕೇಡ್ ಬಾಕ್ಸ್ (ಬೇಕಾದಷ್ಟು ಓಮ್ ಕೊಡೋ ಡಬ್ಬಿ) ಕಟ್ರಿ. ಮೂರು ವೈರ್ ಸೆನ್ಸರ್ ಇದ್ರ ಮೂರೂ ವೈರ್ ಕಟ್ರಿ, ಎರಡೇ ಕಟ್ಟಿ ಮೂರನೇದಕ್ಕ ಜಂಪರ್ (ತುಂಡು ವೈರ್) ಹಾಕಿದ್ರ ವೈರಿನ ರೆಸಿಸ್ಟೆನ್ಸ್ ಸೇರ್ಕೊಂಡು ಬಿಡ್ತದ, ಒಂದು ಓಮ್ ಅಂದ್ರ ಸುಮಾರು ಎರಡೂವರಿ ಡಿಗ್ರಿ, ಅಷ್ಟು ಸಣ್ಣದಲ್ಲ ಅದು. ಈಗ 138.51 ಓಮ್ ಕೊಡ್ರಿ, ಅದು 100 ಡಿಗ್ರಿ. ಟ್ರಾನ್ಸ್‌ಮಿಟರಿನ ಡಿಸ್‌ಪ್ಲೇ ಇಲ್ಲಾ ಕಮ್ಯುನಿಕೇಟರ್ (ಟ್ರಾನ್ಸ್‌ಮಿಟರಿಗೆ ಹಚ್ಚಿ ಓದೋ, ಸೆಟ್ ಮಾಡೋ ಕೈ ಮಷೀನ್) ಎಷ್ಟು ಡಿಗ್ರಿ ಅಂತದ ನೋಡ್ರಿ, ಜೋಡೀಲೇ ಮೀಟರಿನಾಗ ಔಟ್‌ಪುಟ್ ಎಷ್ಟು ಮಿಲಿಆಂಪ್ ನೋಡ್ರಿ. ಡಿಸ್‌ಪ್ಲೇ 100, ಮೀಟರ್ 12.00 ಬಂದ್ರ ಟ್ರಾನ್ಸ್‌ಮಿಟರ್ ಪಾಪ ಸರಿ ಅದ, ಕೇಬಲ್ ಇಲ್ಲಾ ಸೆನ್ಸರ್ ಹಿಡೀರಿ. ಡಿಸ್‌ಪ್ಲೇ 103, ಮೀಟರ್ 12.24 ಬಂದ್ರ ತಪ್ಪು ಇನ್‌ಪುಟ್ ಕಡಿ ಅದ, ಸೆನ್ಸರ್ ಟ್ರಿಮ್ (ಓಮ್ ಓದೋದನ್ನ ಸರಿ ಮಾಡೋದು) ಮಾಡ್ರಿ. ಡಿಸ್‌ಪ್ಲೇ 100 ಇದ್ದು ಮೀಟರ್ 12.24 ಬಂದ್ರ ಮಾತ್ರ ಔಟ್‌ಪುಟ್ ಟ್ರಿಮ್ (ಮಿಲಿಆಂಪ್ ಸರಿ ಮಾಡೋದು) ಮುಟ್ರಿ. ಈ ಮೂರರಾಗ ಯಾವ್ದು ಅಂತ ಗೊತ್ತಾಗೋ ತನಕ ಸ್ಕ್ರೂ ಮುಟ್ಟಬ್ಯಾಡ್ರಿ.

ಒಮ್ಮಿ ಒಂದ್ ಕಡಿ ಹಿಂಗೇ ಆಗಿತ್ತು, ಕೇಬಲಿನ ಮೂರನೇ ಕೋರ್ ಕಟ್ ಆಗಿ ಯಾರೋ ಟರ್ಮಿನಲ್‌ನಾಗೇ ಜಂಪರ್ ಹಾಕಿದ್ರು, ರೀಡಿಂಗ್ 3 ಡಿಗ್ರಿ ಏರ್ತು, ಅದಕ್ಕ ಇನ್ನೊಬ್ಬ ಔಟ್‌ಪುಟ್ ಇಳಿಸಿದ, ಆಮ್ಯಾಲ ಬ್ಯಾರೆ ಕೇಬಲ್ ಎಳದ ದಿನ ಕಂಟ್ರೋಲ್ ರೂಮಿನಾಗ 100ಕ್ಕ 97 ಬಂತು, ಮಂದಿ ಹೊಸ ಕೇಬಲ್ ಖರಾಬ್ ಅಂತ ಜಗಳ ಮಾಡ್ಲಾಕತ್ತಿದ್ರು. ಅದಕ್ಕೇ ನಾ ಯಾವತ್ತೂ ಎರಡು ಸಲ ಚೆಕ್ ಮಾಡ್ತೀನಿ, ಒಮ್ಮಿ ಟ್ರಾನ್ಸ್‌ಮಿಟರ್ ಟರ್ಮಿನಲ್‌ನಾಗ, ಇನ್ನೊಮ್ಮಿ ಸೆನ್ಸರ್ ಹೆಡ್ಡಿನಿಂದ ಕೇಬಲ್ ಸಮೇತ. ನೀವೂ ಹಂಗೇ ಮಾಡ್ರಿ.

ಮೀಟರ್ 4-20 ಮಿಲಿಆಂಪ್ ಹರಿಯೋ ವೈರಿಗೆ ಸೀರೀಸ್‌ನಾಗ ಇರಬೇಕು. 24 ವೋಲ್ಟ್ ಸಪ್ಲೈಗೆ ಅಡ್ಡ ಹಿಡದು ಮೀಟರ್ ಫ್ಯೂಸ್ ಸುಟ್ಕೊಂಡವರ ಲೆಕ್ಕ ನಾ ಇಟ್ಟಿಲ್ಲ. ಅಂಗಡ್ಯಾಗ ಸಿಗೋ ಅಗ್ಗದ ಮಲ್ಟಿಮೀಟರ್ ತಂದು ಕ್ಯಾಲಿಬ್ರೇಶನ್ ಅನಬ್ಯಾಡ್ರಿ, ಅದು 1 ಪರ್ಸೆಂಟ್ ಹೆಚ್ಚು ಕಮ್ಮಿ ಹೇಳಿದ್ರ 12 ಮಿಲಿಆಂಪಿಗೆ 0.12, ಅಂದ್ರ ನಮ್ಮ ರೇಂಜಿನಾಗ ಒಂದೂವರಿ ಡಿಗ್ರಿ. ಅಳ್ಯೋ ಸಾಮಾನು ಅಳಸ್ಕೊಳ್ಳೋದಕ್ಕಿಂತ ನಾಕು ಪಟ್ಟು ಚಲೋ ಇರಬೇಕು.

ಹಳೇ ಸ್ಕ್ರೂ ಟೈಪ್ ಇದ್ರ, 100.00 ಓಮ್ ಕೊಟ್ಟು ಜೀರೋ ಸ್ಕ್ರೂದಿಂದ 4.00 ಮಾಡ್ರಿ, 175.86 ಕೊಟ್ಟು ಸ್ಪ್ಯಾನ್ (ಮ್ಯಾಲಿನ ತುದಿ) ಸ್ಕ್ರೂದಿಂದ 20.00 ಮಾಡ್ರಿ, ವಾಪಸ್ ಕೆಳಗ ಬಂದು ನೋಡ್ರಿ, ಜೀರೋ ಸರದಿರ್ತದ. ಮತ್ತ ಸರಿ ಮಾಡ್ರಿ, ಮತ್ತ ಮ್ಯಾಲ ಹೋಗ್ರಿ, ಮೂರು ನಾಕು ಸುತ್ತು ಆಗೇ ಆಗ್ತದ. ಒಂದೇ ಸುತ್ತಿನಾಗ ಮುಗಿಸಿದ್ವಿ ಅನ್ನವರು ಎರಡನೇ ಸಲ ಕೆಳಗ ನೋಡೇ ಇಲ್ಲ. ಕಮ್ಯುನಿಕೇಟರ್‌ಲೇ ಸೆಟ್ ಮಾಡೋ ಸ್ಮಾರ್ಟ್ ಟೈಪ್ ಇದ್ರ ರೇಂಜ್ ಬದಲ ಮಾಡೋದನ್ನೇ ಕ್ಯಾಲಿಬ್ರೇಶನ್ ಅಂತ ತಿಳ್ಕೊಂಡವರು ಭಾಳ ಮಂದಿ ಅದಾರ. ರೇಂಜ್ ಅಂದ್ರ 4 ಎಲ್ಲಿ 20 ಎಲ್ಲಿ ಅಂತ ಹೇಳೋದಷ್ಟೇ, ಟ್ರಿಮ್ ಬ್ಯಾರೆ. ಟ್ರಿಮ್ ಎರಡೂ ಕಡಿ ಬೇಕಿದ್ರ ಮೊದಲ ಸೆನ್ಸರ್, ಆಮ್ಯಾಲ ಔಟ್‌ಪುಟ್.

ಕಡೀಕ ಐದು ಪಾಯಿಂಟ್: 100.00, 119.40, 138.51, 157.33, 175.86 ಓಮ್ ಕೊಟ್ರ 4, 8, 12, 16, 20 ಬರಬೇಕು. ಪ್ರೆಶರ್ ಟ್ರಾನ್ಸ್‌ಮಿಟರ್ ಇದ್ರ ಏರ್ತಾ ಒಮ್ಮಿ ಇಳೀತಾ ಒಮ್ಮಿ ನೋಡ್ಲೇಬೇಕು, ನಮ್ಮ ಈ ಟೆಂಪರೇಚರ್ ಟ್ರಾನ್ಸ್‌ಮಿಟರಿಗೆ ಇಳೀತಾ ನೋಡೋದು ಬರೇ ಫಾರ್ಮ್ ತುಂಬ್ಲಾಕ.

ಇನ್ನೊಂದು ಮಾತು, ನಮ್ಮ ಕಡಿ ಮೇ ತಿಂಗಳಾಗ ಬಿಸಿಲು 42 ದಾಟ್ತದ, ಹೊರಗಿನ ತಗಡಿನ ಬಾಕ್ಸ್ ಒಳಗ ಇನ್ನೂ ಜಾಸ್ತಿ. ಮಧ್ಯಾನ ಅಲ್ಲಿ ನಿಂತು ಕ್ಯಾಲಿಬ್ರೇಟ್ ಮಾಡಬ್ಯಾಡ್ರಿ, ನಿಮ್ಮ ಕೈಯಾಗಿನ ಕ್ಯಾಲಿಬ್ರೇಟರೂ ಕಾಯ್ದಿರ್ತದ. ಮುಂಜಾನಿ ಏಳಕ್ಕ ಹೋಗ್ರಿ.

ಸೆನ್ಸರ್ ವೈರ್ ವಾಪಸ್ ಕಟ್ಟಿ, ಟರ್ಮಿನಲ್ ಎಳದು ನೋಡಿ, ಹೊಸ ರೀಡಿಂಗ್ ಹಳೇದರ ಪಕ್ಕ ಬರದು ಕಂಟ್ರೋಲ್ ರೂಮಿಗೆ ಫೋನ್ ಮಾಡ್ರಿ. ಡಿಸ್‌ಪ್ಲೇ ಮ್ಯಾಲಿಂದು, ಅವರ ಸ್ಕ್ರೀನ್ ಮ್ಯಾಲಿಂದು ಎರಡೂ ಕೂಡಿದ ಮ್ಯಾಲನೇ ಬೈಪಾಸ್ ತಗಸಿ ಲೂಪ್ ಆಟೋಕ್ಕ ಹಾಕಸ್ರಿ.