ಒಂದು ಸೂಪರ್‌ನೋವಾವನ್ನು ಎಂಟು ತಿಂಗಳು ಅಳೆದದ್ದು

ಸಪ್ತರ್ಷಿ ಮಂಡಲದ ಬಾಲದಲ್ಲಿರುವ ವಸಿಷ್ಠ ಮತ್ತು ಮರೀಚಿ ನಕ್ಷತ್ರಗಳನ್ನು ಎರಡು ಮೂಲೆಗಳಾಗಿಟ್ಟುಕೊಂಡು ಒಂದು ತ್ರಿಕೋನವನ್ನು ಊಹಿಸಿಕೊಂಡರೆ, ಮೂರನೆಯ ಮೂಲೆಯ ಹತ್ತಿರ ಎಂ101 ಎಂಬ ಸುರುಳಿ ಗೆಲಾಕ್ಸಿ ಸಿಗುತ್ತದೆ. ಅದು ನಮ್ಮಿಂದ 2 ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಇದೆ. ಅದರ ಒಂದು ತೋಳಿನಲ್ಲಿ ಹೊಸ ಬೆಳಕೊಂದು ಹೊತ್ತಿಕೊಂಡಿರುವುದನ್ನು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇತಗಾಕಿ 2023ರ ಮೇ 19ರಂದು, ನಮ್ಮ ಗಡಿಯಾರದಲ್ಲಿ ರಾತ್ರಿ 11ರ ಸುಮಾರಿಗೆ, ಗುರುತಿಸಿದರು. ಎಸ್‌ಎನ್ 2023ಐಎಕ್ಸ್‌ಎಫ್ ಎಂದು ಹೆಸರು ಪಡೆದ ಆ ಸೂಪರ್‌ನೋವಾವನ್ನು, ಅಂದರೆ ಸಿಡಿದ ನಕ್ಷತ್ರದ ಬೆಳಕನ್ನು, ನಾನು ಮೇ 22ರಿಂದ ಮುಂದಿನ ಜನವರಿಯವರೆಗೆ ಅಳೆದೆ. ಅಳತೆಗಳಿಗೆ ಒಂದು ಮಾದರಿಯನ್ನು ಹೊಂದಿಸುವುದಕ್ಕೂ ಪ್ರಯತ್ನಪಟ್ಟೆ. ಇಲ್ಲಿ ಹೆಚ್ಚಿನ ಪಾಲು ಬರೆಯುತ್ತಿರುವುದು ಆ ಕೆಲಸದಲ್ಲಿ ನಾನೇ ಮಾಡಿದ, ಹಲವು ವಾರ ಕಣ್ಣಿಗೆ ಬೀಳದೆ ಉಳಿದ ಒಂದು ತಪ್ಪಿನ ಬಗ್ಗೆ.

ಬೆಂಗಳೂರಿನ ನನ್ನ ಮನೆಯಿಂದ ಇಂಥ ಕೆಲಸ ಸಾಧ್ಯವಿಲ್ಲ. ಉಪಕರಣವೆಲ್ಲ ಚಳ್ಳಕೆರೆ ತಾಲ್ಲೂಕಿನಲ್ಲಿರುವ ನನ್ನ ಮಾವನವರ ಮಾಳಿಗೆ ಮನೆಯ ಮೇಲಿತ್ತು: 20 ಸೆಂಟಿಮೀಟರ್ ಕನ್ನಡಿಯ ನ್ಯೂಟನ್ ಮಾದರಿಯ ದೂರದರ್ಶಕ, ಆಕಾಶದ ಚಲನೆಯನ್ನು ಹಿಂಬಾಲಿಸುವ ಮೋಟಾರು ಪೀಠ, ಕಪ್ಪು-ಬಿಳುಪು ಕ್ಯಾಮೆರಾ ಮತ್ತು ಹಸಿರು-ಹಳದಿ ಬೆಳಕನ್ನು ಮಾತ್ರ ಒಳಬಿಡುವ ‘ವಿ’ ಫಿಲ್ಟರ್. ಒಂದು ನಿಮಿಷದ 20 ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುವುದು ಪ್ರತಿ ರಾತ್ರಿಯ ಕ್ರಮವಾಗಿತ್ತು. ಸಂಜೆ ಬೆಳಕಿರುವಾಗಲೇ ಕೊಳವೆಯ ಬಾಯಿಗೆ ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಬಿಗಿದು ಸಮಬೆಳಕಿನ ಚಿತ್ರಗಳನ್ನು ತೆಗೆಯುತ್ತಿದ್ದೆ. ಫಿಲ್ಟರ್ ಮತ್ತು ಕ್ಯಾಮೆರಾದ ಮೇಲೆ ಕೂತ ಧೂಳು, ಮೂಲೆಗಳ ಮಬ್ಬು ಎಲ್ಲವೂ ಅದರಲ್ಲಿ ದಾಖಲಾಗುವುದರಿಂದ ನಕ್ಷತ್ರದ ಚಿತ್ರವನ್ನು ಅದರಿಂದ ಭಾಗಿಸಿ ಆ ದೋಷಗಳನ್ನು ತೆಗೆಯಬಹುದು. ಚಳ್ಳಕೆರೆಯ ಧೂಳಿಗೆ ಈ ಹೆಜ್ಜೆಯನ್ನು ಒಂದು ದಿನವೂ ತಪ್ಪಿಸುವ ಹಾಗಿರಲಿಲ್ಲ.

ಮೊದಲ ರಾತ್ರಿ ಸೂಪರ್‌ನೋವಾದ ಕಾಂತಿಮಾನ 11ಕ್ಕಿಂತ ಸ್ವಲ್ಪ ಮಂದವಾಗಿತ್ತು. ಕಾಂತಿಮಾನದ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮೆ. ಇತಗಾಕಿ ಕಂಡಾಗ ಅದು 14.9 ಇತ್ತು, ಕೆಲವೇ ದಿನಗಳಲ್ಲಿ 30 ಪಟ್ಟಿಗೂ ಹೆಚ್ಚು ಬೆಳಗಿತ್ತು ಎಂದಾಯಿತು. ಆ ವಾರ ಜಗತ್ತಿನ ದೊಡ್ಡ ದೂರದರ್ಶಕಗಳೆಲ್ಲ ಅತ್ತಲೇ ತಿರುಗಿದ್ದವು. ಹೊಸಕೋಟೆಯಲ್ಲಿ ಕುಳಿತು ಭಾರತೀಯ ಖಭೌತ ಸಂಸ್ಥೆಯವರು ನಡೆಸುವ, ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವೂ ಅದರ ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು, ದಾಖಲಿಸಿತು. ಆಸ್ಟ್ರೋಸ್ಯಾಟ್ ಉಪಗ್ರಹ ಅತಿನೇರಳೆ ಬೆಳಕಿನಲ್ಲಿ ಅದನ್ನು ನೋಡಿತು. ಇಷ್ಟೆಲ್ಲ ಇರುವಾಗ ಮಾಳಿಗೆಯ ಮೇಲಿನ ಅಳತೆಗೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಈ ನಕ್ಷತ್ರ ಸಿಡಿದ ಗಳಿಗೆಯನ್ನು ಕೆಲವೇ ಗಂಟೆಗಳ ನಿಖರತೆಯಲ್ಲಿ ಹೇಳಲು ಸಾಧ್ಯವಾದದ್ದೇ, ಪತ್ತೆಯಾಗುವ ಮೊದಲು ಎಂ101ರ ಕಡೆ ಕ್ಯಾಮೆರಾ ತಿರುಗಿಸಿದ್ದ ಹವ್ಯಾಸಿಗಳ ಚಿತ್ರಗಳ ನೆರವಿನಿಂದ.

ಜೂನ್‌ನಿಂದ ಆಗಸ್ಟ್‌ವರೆಗೆ ಮೋಡಕ್ಕಿಂತ ಗಾಳಿಯೇ ಹೆಚ್ಚು ಕಾಡಿತು. ಆಷಾಢದ ಗಾಳಿಗೆ ಕೊಳವೆ ಅಲುಗಾಡಿ ನಕ್ಷತ್ರಗಳು ಎಳೆದ ಗೆರೆಗಳಂತೆ ಮೂಡುತ್ತಿದ್ದವು. ಗಾಳಿಗೆ ಅಡ್ಡವಾಗಿ ಜೋಳದ ಸಪ್ಪೆಯ ತಟ್ಟಿ ಕಟ್ಟಿದ ಮೇಲೆ ಅರ್ಧದಷ್ಟು ಚಿತ್ರಗಳು ಉಪಯೋಗಕ್ಕೆ ಬಂದವು. ಮೂರು ತಿಂಗಳಲ್ಲಿ ಸಿಕ್ಕಿದ್ದು 17 ರಾತ್ರಿ. “ಸತ್ತ ನಕ್ಷತ್ರಕ್ಕೆ ಎಷ್ಟು ತಿಂಗಳು ತಿಥಿ ಮಾಡ್ತೀರಿ ಅಳಿಯಂದ್ರೇ?” ಎಂದು ಮಾವನವರು ಕೇಳಿದ್ದು ಆ ದಿನಗಳಲ್ಲೇ. ತಟ್ಟಿ ಕಟ್ಟಿಕೊಟ್ಟವರೂ ಅವರೇ.

ಆ 17 ಚುಕ್ಕೆಗಳು ಗ್ರಾಫಿನ ಮೇಲೆ ಪಠ್ಯಪುಸ್ತಕದಲ್ಲಿರುವಂಥ ಆಕಾರವನ್ನೇ ಕೊಟ್ಟವು. ಸಿಡಿದದ್ದು ಹೈಡ್ರೋಜನ್ ಹೊದಿಕೆಯಿದ್ದ ಕೆಂಪು ಮಹಾದೈತ್ಯ ನಕ್ಷತ್ರ. ಸಿಡಿತದಲ್ಲಿ ಕಾದು, ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನುಗಳಾದ ಹೈಡ್ರೋಜನ್ ಹೊರಗಿನಿಂದ ಒಳಕ್ಕೆ ಪದರಪದರವಾಗಿ ತಣ್ಣಗಾಗುತ್ತದೆ. ಸುಮಾರು 6,000 ಡಿಗ್ರಿಗೆ ಇಳಿದ ಪದರದಲ್ಲಿ ಎಲೆಕ್ಟ್ರಾನುಗಳು ಮತ್ತೆ ಪರಮಾಣುವಿಗೆ ಸೇರಿ ಅನಿಲ ಪಾರದರ್ಶಕವಾಗುತ್ತದೆ. ಒಳಗೆ ಸಿಕ್ಕಿಬಿದ್ದಿದ್ದ ಬೆಳಕು ಹೊರಬರುತ್ತದೆ. ಈ ಅಂಚು ಒಳಸರಿಯುತ್ತಿರುವಷ್ಟು ಕಾಲ ಬೆಳಕು ನಿಧಾನವಾಗಿ ಮಾತ್ರ ಇಳಿಯುತ್ತದೆ. ಇಲ್ಲಿ ಅದು ಆಗಸ್ಟ್ ಮೊದಲರ್ಧದಲ್ಲಿ ಮುಗಿದು ರೇಖೆ ಕಡಿದಾಗಿ ಜಾರಿತು.

ಸಿಡಿತದ ಲೆಕ್ಕಕ್ಕೆ ಉಚಿತವಾಗಿ ಸಿಗುವ ‘ಸ್ನೆಕ್’ ಎಂಬ ತಂತ್ರಾಂಶವನ್ನು ಬಳಸಿದೆ. ನಕ್ಷತ್ರವನ್ನು ಈರುಳ್ಳಿಯಂತೆ ಪದರಗಳಾಗಿ ಸೀಳಿ, ನಡುವೆ ಒಂದಿಷ್ಟು ಶಕ್ತಿಯನ್ನು ಸುರಿದು, ಪ್ರತಿ ಪದರ ಹೇಗೆ ಹಿಗ್ಗಿ ತಣಿಯುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಮೊದಲ ಪ್ರಯತ್ನದಲ್ಲಿ ಬೆಳಕು ತೀರಾ ನಿಧಾನವಾಗಿ ಏರಿತು. ನಕ್ಷತ್ರದ ಸುತ್ತ, ಅದು ಸಾಯುವ ಮುಂಚೆ ತಾನೇ ಉಗುಳಿದ ದಟ್ಟ ಅನಿಲದ ಕವಚವನ್ನು ಸೇರಿಸಿದ ಮೇಲೆಯೇ ಮೇ ತಿಂಗಳ ಆ ವೇಗದ ಏರಿಕೆ ಹೊಂದಿತು. ಮೊದಲ ದಿನಗಳ ರೋಹಿತಗಳಲ್ಲಿ ವೃತ್ತಿಪರರು ಕಂಡದ್ದೂ ಅಂಥದೇ ಕವಚದ ಗುರುತನ್ನು. ಆದರೆ ನಿಧಾನ ಇಳಿಕೆಯ ಭಾಗದಿಂದ ಮಾತ್ರ ನಕ್ಷತ್ರದ ತೂಕವನ್ನು ಹೇಳುವ ಆಸೆಯನ್ನು ನಾನು ಬೇಗ ಬಿಟ್ಟೆ. ಹೊದಿಕೆಯ ತೂಕ, ನಕ್ಷತ್ರದ ಅಗಲ, ಸಿಡಿತದ ಶಕ್ತಿ ಈ ಮೂರನ್ನೂ ಒಟ್ಟಿಗೆ ಬದಲಿಸುತ್ತ ಹೋದರೆ ಬೇರೆ ಬೇರೆ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ರೇಖೆಯನ್ನು ಕೊಡುತ್ತವೆ.

ಆ ಕಡಿದಾದ ಜಾರಿಕೆಯ ನಂತರ ಬರುವ, ರೇಖೆಯ ಬಾಲದ ಭಾಗ ಹಾಗಲ್ಲ. ಅದರ ಭೌತಶಾಸ್ತ್ರ ಸರಳ. ಸಿಡಿತದಲ್ಲಿ ಹುಟ್ಟಿದ ವಿಕಿರಣಶೀಲ ನಿಕಲ್-56, 6 ದಿನಗಳ ಅರ್ಧಾಯುವಿನಲ್ಲಿ (ಅಷ್ಟು ದಿನಗಳಿಗೊಮ್ಮೆ ಅರ್ಧದಷ್ಟು ಕ್ಷಯಿಸುತ್ತ) ಕೋಬಾಲ್ಟ್-56 ಆಗುತ್ತದೆ. ಅದು 77 ದಿನಗಳ ಅರ್ಧಾಯುವಿನಲ್ಲಿ ಕಬ್ಬಿಣವಾಗುತ್ತದೆ. ಕೋಬಾಲ್ಟ್ ಕ್ಷಯಿಸುವಾಗ ಹೊರಡುವ ಗಾಮಾ ಕಿರಣಗಳನ್ನೆಲ್ಲ ಅನಿಲವೇ ಹೀರಿಕೊಂಡರೆ ಬೆಳಕು 100 ದಿನಕ್ಕೆ 0.98 ಕಾಂತಿಮಾನದಷ್ಟು ಇಳಿಯಬೇಕು. ಅದಕ್ಕಿಂತ ವೇಗವಾಗಿ ಇಳಿದರೆ ಗಾಮಾ ಕಿರಣಗಳು ಸೋರಿಹೋಗುತ್ತಿವೆ, ಅಂದರೆ ಹೊದಿಕೆ ತೆಳುವಾಗಿದೆ ಎಂದರ್ಥ.

ಸೆಪ್ಟೆಂಬರಿನಲ್ಲಿ ನಾಲ್ಕು ರಾತ್ರಿ ಸಿಕ್ಕವು. ಆಮೇಲೆ ಎಂ101 ಸಂಜೆಯ ಬೆಳಕಿನಲ್ಲಿ ಮುಳುಗಿತು. ಜನವರಿಯ ಚಳಿಯಲ್ಲಿ, ಮುಂಜಾನೆ 4 ಗಂಟೆಗೆ ಎದ್ದು, ಇನ್ನೂ ಐದು ರಾತ್ರಿಗಳ ಚಿತ್ರ ತೆಗೆದೆ. ಲೆಕ್ಕ ಹಾಕಿದಾಗ ಇಳಿಕೆ 100 ದಿನಕ್ಕೆ 1.8 ಬಂತು. ಗಾಮಾ ಸೋರಿಕೆಯ ಸೂತ್ರವನ್ನು ಹೊಂದಿಸಿದೆ. ರೇಖೆ ಒಂಬತ್ತೂ ಚುಕ್ಕೆಗಳ ಮೇಲೆ ದಾರ ಪೋಣಿಸಿದ ಹಾಗೆ ಹಾದುಹೋಯಿತು. ಹೊದಿಕೆ ತೀರಾ ಹಗುರ ಎಂಬ ನಿರ್ಣಯ ಹೊರಬಿತ್ತು. ಇಷ್ಟು ಚೆನ್ನಾಗಿ ಹೊಂದಿದ ರೇಖೆಯನ್ನು ಅನುಮಾನಿಸಲು ಮನಸ್ಸು ಬರಲಿಲ್ಲ. ಆದರೆ ಅಷ್ಟು ಹಗುರವಾದ ಹೊದಿಕೆಯನ್ನು ‘ಸ್ನೆಕ್’ಗೆ ಕೊಟ್ಟಾಗ ನಿಧಾನ ಇಳಿಕೆ ಜುಲೈನಲ್ಲೇ ಮುಗಿದುಹೋಗುತ್ತಿತ್ತು. ಬಾಲ ಒಂದು ಮಾತು ಹೇಳುತ್ತಿತ್ತು, ನಿಧಾನ ಇಳಿಕೆಯ ಬೆನ್ನು ಇನ್ನೊಂದು.

ತಪ್ಪು ಇದ್ದದ್ದು ಅಳತೆಯ ಬಳೆಯಲ್ಲಿ. ನಕ್ಷತ್ರದ ಸುತ್ತ 8 ಪಿಕ್ಸೆಲ್ ತ್ರಿಜ್ಯದ ಒಂದು ವೃತ್ತ ಹಾಕಿ ಅದರೊಳಗಿನ ಬೆಳಕನ್ನು ಕೂಡಿಸುತ್ತೇವೆ. ಅದರಾಚೆ 20ರಿಂದ 40 ಪಿಕ್ಸೆಲ್‌ವರೆಗಿನ ಬಳೆಯಲ್ಲಿ ಆಕಾಶದ ಸರಾಸರಿ ಬೆಳಕನ್ನು ಅಳೆದು ಕಳೆಯುತ್ತೇವೆ. ನನ್ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಹೆಚ್ಚುಕಡಿಮೆ ಒಂದು ಆರ್ಕ್‌ಸೆಕೆಂಡಿಗೆ (ಡಿಗ್ರಿಯ 3,600ರಲ್ಲಿ ಒಂದು ಭಾಗಕ್ಕೆ) ಸಮ. ಈ ಸೂಪರ್‌ನೋವಾದಿಂದ ಸುಮಾರು ಅರ್ಧ ಆರ್ಕ್‌ಮಿನಿಟಿನಷ್ಟು (30 ಆರ್ಕ್‌ಸೆಕೆಂಡಿನಷ್ಟು) ದೂರದಲ್ಲಿ ಎನ್‌ಜಿಸಿ 5461 ಎಂಬ ಪ್ರಕಾಶಮಾನ ನೀಹಾರಿಕೆ, ಅಂದರೆ ಹೊಳೆಯುವ ಅನಿಲದ ಮೋಡ, ಇದೆ. ಅದು ನೇರವಾಗಿ ನನ್ನ ಬಳೆಯೊಳಗೆ ಕುಳಿತಿತ್ತು. ಖಾಲಿ ಆಕಾಶವೆಂದುಕೊಂಡು ನಾನು ನೀಹಾರಿಕೆಯ ಬೆಳಕನ್ನು ಸೂಪರ್‌ನೋವಾದಿಂದ ಕಳೆಯುತ್ತಿದ್ದೆ. ಸೂಪರ್‌ನೋವಾ 11ರಲ್ಲಿದ್ದಾಗ ಅದು ಲೆಕ್ಕಕ್ಕೇ ಬರುವಂತಿರಲಿಲ್ಲ. 16ರ ಹತ್ತಿರ ಇಳಿದಾಗ, ಕಳೆದದ್ದು ಅದರ ನಿಜವಾದ ಬೆಳಕಿನ ಅರ್ಧದಷ್ಟಿತ್ತು.

ಇದು ಖಚಿತವಾದದ್ದು ಒಂದು ಹಳೆಯ ಚಿತ್ರದಿಂದ. 2022ರ ಏಪ್ರಿಲ್‌ನಲ್ಲಿ, ಹೊಸದಾಗಿ ತಂದ ಫಿಲ್ಟರನ್ನು ಪರೀಕ್ಷಿಸಲು ಇದೇ ದೂರದರ್ಶಕದಿಂದ ಎಂ101ರ ಚಿತ್ರ ತೆಗೆದಿದ್ದೆ. ಚೆಂದವಿಲ್ಲವೆಂದು ಯಾರಿಗೂ ತೋರಿಸದೆ ಇಟ್ಟಿದ್ದ ಚಿತ್ರ ಅದು. ಸೂಪರ್‌ನೋವಾ ಮುಂದೆ ಕಾಣಿಸಿಕೊಳ್ಳಲಿದ್ದ ಜಾಗದಲ್ಲಿ ಅದೇ ವೃತ್ತ, ಅದೇ ಬಳೆ ಇಟ್ಟು ಅಳೆದೆ. ಉತ್ತರ ಸೊನ್ನೆಗಿಂತ ಕಡಿಮೆ ಬಂತು. ಏನೂ ಇಲ್ಲದ ಜಾಗದಿಂದ ಋಣ ಬೆಳಕು!

ಆಮೇಲಿನ ಕೆಲಸ ನೇರವಾಗಿತ್ತು. ಆ ಹಳೆಯ ಚಿತ್ರವನ್ನು ಪ್ರತಿ ರಾತ್ರಿಯ ಚಿತ್ರಕ್ಕೂ ಹೊಂದಿಸಿ, ಎರಡರಲ್ಲೂ ನಕ್ಷತ್ರಗಳ ಮಬ್ಬು ಒಂದೇ ಆಗುವಂತೆ ಮಾಡಿ ಕಳೆದೆ. ಗೆಲಾಕ್ಸಿ, ನೀಹಾರಿಕೆ ಎರಡೂ ಅಳಿಸಿಹೋಗಿ ಬೂದು ಹಿನ್ನೆಲೆಯಲ್ಲಿ ಒಂದೇ ಚುಕ್ಕೆ ಉಳಿಯಿತು. ಹೊಸ ಇಳಿಕೆ 100 ದಿನಕ್ಕೆ 1.3. ಸೋರಿಕೆ ಇದೆ, ಆದರೆ ನಾನು ಅಂದುಕೊಂಡಷ್ಟಿಲ್ಲ. ಹೊದಿಕೆಯ ತೂಕ ಬೆನ್ನಿನ ಭಾಗಕ್ಕೂ ಒಪ್ಪುವಷ್ಟಾಯಿತು. 1987ರಲ್ಲಿ ದೊಡ್ಡ ಮೆಗಲ್ಲನ್ ಮೋಡ ಎಂಬ ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ಎಸ್‌ಎನ್ 1987ಎಯಲ್ಲಿ ಸೂರ್ಯನ ದ್ರವ್ಯರಾಶಿಯ ಸುಮಾರು 0.07 ಪಾಲು ನಿಕಲ್ ಇತ್ತೆಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ಎರಡನ್ನೂ ಒಂದೇ ವಯಸ್ಸಿನಲ್ಲಿ, ದೂರದ ವ್ಯತ್ಯಾಸವನ್ನು ಸರಿಪಡಿಸಿ ಹೋಲಿಸಿದಾಗ ನನಗೆ ಬಂದದ್ದು 0.06ರ ಆಸುಪಾಸು. ಒಂದೇ ಫಿಲ್ಟರಿನ ಅಳತೆಯಾದ್ದರಿಂದ ಎರಡನೆಯ ದಶಮಾಂಶದ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ.

ಈಗ ಮೋಡವಿಲ್ಲದ ಶನಿವಾರಗಳಲ್ಲಿ ಹತ್ತಿರದ ಗೆಲಾಕ್ಸಿಗಳ ಚಿತ್ರಗಳನ್ನು ಸರದಿಯ ಪ್ರಕಾರ ತೆಗೆದಿಡುತ್ತಿದ್ದೇನೆ. ಹೊಸದೇನೂ ಸಿಡಿಯದ, ಯಾರೂ ಕೇಳದ ಚಿತ್ರಗಳು. ಇವತ್ತು ಯಾವುದಕ್ಕೆ ತಿಥಿ ಎಂದು ಮಾವನವರು ಕೇಳಿದರೆ, ಇನ್ನೂ ಯಾರೂ ಸತ್ತಿಲ್ಲ ಎನ್ನುತ್ತೇನೆ.